ಗಸ್ತಿನ ದಾರಿ

ಇಲ್ಲಿ ಮೋಟಾರು ಬರುವುದಿಲ್ಲ.
ಗೇಟಿನ ಅಡ್ಡಗಂಬದ ಪಕ್ಕ
ಒಂದು ಹ್ಯಾಂಡಲ್ಲು ನುಸುಳುವಷ್ಟೇ ಸಂದು.
ನುಸುಳಿದೆವು: ಮೊದಲು ನಾನು, ಆಮೇಲೆ ಓಟಾಕರ್,
ಅರವತ್ತೇಳರ ಮಂಡಿ, ಹೊಸ ಹೆಲ್ಮೆಟ್ಟು,
ಬುಟ್ಟಿಯಲ್ಲಿ ಗಸಗಸೆ ಕೇಕು.

ಜುಲೈ ತಿಂಗಳ ಶುಮಾವ ಕಾಡು
ಹೇಳುವುದೆಲ್ಲ ಹೇಳಿ ಮುಗಿಸಿದವರ ಹಾಗೆ
ಸುಮ್ಮನೆ ನಿಂತಿತ್ತು.
ಸ್ಪ್ರೂಸು, ಬೀಚು, ಮತ್ತೆ ಸ್ಪ್ರೂಸು,
ಬುಡದಲ್ಲಿ ಚಹಾದ ಬಣ್ಣದ ಜವುಗು ನೀರು,
ಕಣ್ಣು ಹಾಯುವಷ್ಟು ಬ್ಲೂಬೆರಿ ಪೊದೆ.
ಸದ್ದೆಂದರೆ ನಮ್ಮ ಎರಡು ಚೈನು.
ಇವನದಕ್ಕೆ ಎಣ್ಣೆ ಬೇಕು. ನಿನ್ನೆಯೇ ಹೇಳಿದ್ದೆ.

ಜೀಪಿನಗಲದ ಡಾಂಬರು ಇದು,
ಜೀಪಿಗೆಂದೇ ಹಾಸಿದ್ದು, ನಮಗಲ್ಲ.
ಯಾರೂ ಬರಬಾರದೆಂದು ಮಾಡಿದ ದಾರಿ
ಇಷ್ಟು ಚೆಲುವಾಗಿ ಉಳಿದುಬಿಟ್ಟಿದೆ!
ಒಂದು ತಲೆಮಾರು ಇಲ್ಲಿ ಯಾರೂ ಕೊಡಲಿ ಎತ್ತಲಿಲ್ಲ,
ಸೂರು ಕಟ್ಟಲಿಲ್ಲ, ದನ ಬಿಡಲಿಲ್ಲ.
ಹೆದರಿಕೆ ನೀರೆರೆದು ಸಾಕಿದ ಕಾಡು.

ಇವನು ಇಲ್ಲಿ ಎರಡು ವರ್ಷ ಸಿಪಾಯಿ.
ನನ್ನ ಕೈ ಹಿಡಿಯುವ ಮೊದಲಿನ ಮಾತು.
ನನಗೆ ಗೊತ್ತಿದ್ದದ್ದು ಇಷ್ಟು:
ಒಂದು ನಾಯಿಯಿತ್ತು, ಹೆಸರು ಬ್ರಿಟ;
ಚಳಿಗೆ ಕಾಲ್ಬೆರಳ ಉಗುರೊಂದು ಉದುರಿತು;
ಸಾರಿನಲ್ಲಿ ಮೂರು ಹೊತ್ತೂ ಕೋಸು.
ಇಷ್ಟು ವರ್ಷವೂ ಅವೇ ಮೂರು ಮಾತು,
ನೆಂಟರು ಬಂದಾಗ ನಗಿಸಲೆಂದು ಇಟ್ಟುಕೊಂಡವು.

ಇಳಿಜಾರು ಬಂತು. ಬ್ರೇಕು ಬಿಟ್ಟೆ.
ಅಂಗಿಯ ತೋಳೊಳಗೆ ಗಾಳಿ ನುಗ್ಗಿ
ನನ್ನನ್ನು ಹದಿನಾರಕ್ಕೆ ಇಳಿಸಿತು.
ತಿರುವು ದಾಟಿ ಹಿಂದೆ ನೋಡಿದರೆ
ಇವನಿಲ್ಲ.
ಇವನು ತಿರುವು ತಿರುವಿಗೂ ಇಳಿದು,
ನಿಂತು, ಕಿವಿಗೊಟ್ಟು,
ಆಮೇಲೆ ಹತ್ತಿ ಬರುತ್ತಿದ್ದ.
‘ಏನದು?’
‘ಏನಿಲ್ಲ.’
ಕಾಲಿಗೆ ನೆನಪಿದೆ. ಬಾಯಿಗೆ ಇಲ್ಲ.

ತೊರೆಯ ಹತ್ತಿರ,
ಮೊಂಡು ಕಂಬವೊಂದು ಪಾಚಿ ಹೊದ್ದ ಕಡೆ
ಸೈಕಲ್ಲು ಮಲಗಿಸಿದ.
‘ಇಲ್ಲಿ ಮರಳಿತ್ತು’ ಅಂದ. ‘ಬೇಲಿಯ ಉದ್ದಕ್ಕೂ.
ಸಂಜೆ ಕುಂಟೆ ಎಳೆದು ನಯ ಮಾಡಬೇಕು,
ಬೆಳಿಗ್ಗೆ ಹೆಜ್ಜೆ ಹುಡುಕಬೇಕು.’
‘ಸಿಗುತ್ತಿತ್ತೆ?’
‘ಮೊಲ. ನರಿ.’
ಕೇಕಿನ ಕಾಗದ ಬಿಚ್ಚಿದ, ಮತ್ತೆ ಮಡಿಸಿದ.
‘ಒಮ್ಮೆ ಒಂದು ಹೆಣ್ಣು ಷೂ. ಸಣ್ಣದು.
ಆ ಕಡೆಗೆ ಹೋಗಿತ್ತು.
ಯಾರೂ ಎದ್ದಿರಲಿಲ್ಲ.
ನಾನು ಇನ್ನೊಂದು ಸಲ ಕುಂಟೆ ಎಳೆದೆ.’

ನಾಲ್ಕನೆಯ ಮಾತು.
ಏನು ಮಾಡಬೇಕೋ ತೋಚದೆ
ಅವನ ಪಾಲಿನ ಕೇಕನ್ನೂ ನಾನೇ ತಿಂದೆ.

ಆಮೇಲೆ ಒಂದು ಮರಕ್ಕೂ ಇನ್ನೊಂದಕ್ಕೂ ನಡುವೆ
ಎಲ್ಲೋ ಗಡಿ ದಾಟಿದೆವು.
ಜೇಬಿನ ಫೋನು ಟಿಣ್ಣೆಂದು
ಜರ್ಮನಿಗೆ ಸ್ವಾಗತ ಎಂದಿತು.
ಇವನು ಹಿಂದೆ ಹೋಗಿ ಮತ್ತೆ ಮುಂದೆ ಬಂದ,
ಮಗುವಿನ ಹಾಗೆ, ಎರಡು ಸಲ.
ಫೋನು ಸುಮ್ಮನಿತ್ತು.
ಒಮ್ಮೆ ಕರೆದದ್ದು ಸಾಕು ಅದಕ್ಕೆ.

ಆ ಕಡೆಯ ಗೂಡಂಗಡಿಯಲ್ಲಿ
ನಿಂಬೆ ಸೋಡಾ ಕೊಟ್ಟ ಹೆಂಗಸಿಗೆ ಎಪ್ಪತ್ತರ ಮೇಲೆ.
ಚಿಲ್ಲರೆ ಎಣಿಸುವ ನೆಪದಲ್ಲಿ ಬಗ್ಗಿ
ಅವಳ ಕಾಲು ನೋಡಿದೆ.
ಅಗಲ ಪಾದ, ರಬ್ಬರ್ ಚಪ್ಪಲಿ.
ತಲೆಯೆತ್ತಿದರೆ
ಓಟಾಕರನೂ ಅಲ್ಲೇ ನೋಡುತ್ತಿದ್ದ.

ಬರುವಾಗ ಎಲ್ಲ ಏರು.
ತೊರೆ ಡಾಂಬರಿಗೆ ಹರಿದು ಕೆಸರಾದ ಕಡೆ
ಬೆಳಗಿನ ನಮ್ಮ ಗುರುತು ಹಾಗೇ ಇತ್ತು:
ಒಂದು ಗೀರು ನೇರ,
ಇನ್ನೊಂದು ನಿಂತು ನಿಂತು ಬಂದದ್ದು.
ಇವನು ಇಳಿದ. ನೋಡಿದ.
ಸೈಕಲ್ಲು ಎತ್ತಿಕೊಂಡು, ಅದರ ಮೇಲೆ ಹಾಯದೆ,
ಪಕ್ಕದ ಬ್ಲೂಬೆರಿ ಪೊದೆಗಳಲ್ಲಿ ನಡೆದು ದಾಟಿದ.
ನಾನೂ ಹಾಗೇ ಮಾಡಿದೆ,
ಕಾಲುಚೀಲವೆಲ್ಲ ನೇರಳೆ.

ಮುಂದೆ ಅವನ ಚೈನು ಕಿರುಗುಡುತ್ತಲೇ ಇತ್ತು.
ಗೇಟಿನ ತನಕ
ಎಣ್ಣೆಯ ಮಾತು ನಾನು ಎತ್ತಲಿಲ್ಲ.